ಹಣೆಯ ಮೇಲಿನ ಎಲೆ

ಶೇಷಪ್ಪ ಸೋತೆನೆಂದು ಕವುಚಿ ಹಾಕಿ ಹೋದ ಎಲೆಗಳಲ್ಲಿ ಮೂವರು ರಾಣಿಯರಿದ್ದರು.

ಪೂರ್ಣೇಶ್ ಇನ್ನೊಮ್ಮೆ ನೋಡಿದ. ಮೂರು ರಾಣಿ, ಎರಡು ನಾಲ್ಕು. ಫುಲ್ ಹೌಸ್. ಇಂಥ ಎಲೆ ಬಂದವನು ಆಟ ಬಿಟ್ಟು ಏಳುವುದಿಲ್ಲ. ತನ್ನ ಬಿಲ್ಲೆಗಳನ್ನೆಲ್ಲ ಮೇಜಿನ ನಡುವೆ ತಳ್ಳುತ್ತಾನೆ. ಶೇಷಪ್ಪ ಮಾತ್ರ ಎಲೆಗಳನ್ನು ಕನ್ನಡಕದ ಹತ್ತಿರ ಹಿಡಿದು, ನಿಟ್ಟುಸಿರು ಬಿಟ್ಟು, "ಎಂತದೂ ಬರ್ಲಿಲ್ಲ ಮಾರಾಯ, ಪ್ಯಾಕ್" ಎಂದು ಬಚ್ಚಲಿಗೆ ಎದ್ದು ಹೋಗಿದ್ದರು. ಆ ಆಟವನ್ನು ಪೂರ್ಣೇಶ್ ಒಂದು ಜೋಡಿ ಏಳನ್ನು ಹಿಡಿದುಕೊಂಡು ಗೆದ್ದಿದ್ದ. ಗೆದ್ದವನೇ ಎಲೆ ಕಲಸಬೇಕೆಂಬ ನಿಯಮ ಇಲ್ಲದಿದ್ದರೆ ಈ ರಾಣಿಯರು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅವನು ಏನೂ ಆಗದವನಂತೆ ಎಲೆಗಳನ್ನು ಕಟ್ಟಿಗೆ ಸೇರಿಸಿ ಕಲಸತೊಡಗಿದ.

"ಹದಿನೆಂಟನೇ ವಾರ ಸಾರ್," ಎಂದ ದೀಪಕ್. "ನಿಮ್ಮನ್ನ ಹಿಡಿಯೋರಿಲ್ಲ."

ದೀಪಕ್ ರಿಪ್ಪನ್‌ಪೇಟೆಯ ಹಲ್ಲಿನ ಡಾಕ್ಟರು. ಹಿಂದೆ ತೀರ್ಥಹಳ್ಳಿಯ ಕಾಲೇಜಿನಲ್ಲಿ ಪೂರ್ಣೇಶನ ಗಣಿತದ ವಿದ್ಯಾರ್ಥಿ. ಭಾನುವಾರ ಅವನ ಕ್ಲಿನಿಕ್ಕಿಗೆ ರಜೆ. ಮಹಡಿಯ ಮೇಲೆ ರೋಗಿಗಳು ಕಾಯುವ ಹಜಾರದಲ್ಲಿ, ಲವಂಗದೆಣ್ಣೆಯ ವಾಸನೆಯ ನಡುವೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಪೋಕರ್ ನಡೆಯುತ್ತದೆ. ಹೊಸನಗರದಿಂದ ಶೇಷಪ್ಪ ಬರುತ್ತಾರೆ, ಸರ್ವೇ ಇಲಾಖೆಯಿಂದ ನಿವೃತ್ತರಾದವರು. ಸಾಗರದಿಂದ ಸತ್ಯಭಾಮಾ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವರು. ತೀರ್ಥಹಳ್ಳಿಯಿಂದ ಪೂರ್ಣೇಶ್. ಮೂರೂ ಊರಿಗೆ ರಿಪ್ಪನ್‌ಪೇಟೆ ನಡುವೆ. ಮೂವರೂ ಮೊದಲು ಇಲ್ಲಿಗೆ ಬಂದದ್ದು ಹಲ್ಲು ನೋವೆಂದು.

ಎಲೆ ಹಂಚುವುದು ಸರದಿಯ ಪ್ರಕಾರ; ಹಂಚುವವರು ತಮ್ಮ ಇಷ್ಟದ ಆಟವನ್ನು ಆರಿಸಬಹುದು. ಶೇಷಪ್ಪನವರಿಗೆ ಐದೆಲೆಯ ಆಟವೇ ಆಗಬೇಕು. ಬೇಡದ ಎಲೆ ಕೊಟ್ಟು ಬೇರೆ ಪಡೆಯಬಹುದಾದ ಹಳೇ ಕಾಲದ ಆಟ. ಸತ್ಯಭಾಮಾ ಏಳೆಲೆಯವರು: ನಾಲ್ಕು ಎಲೆ ಎಲ್ಲರ ಕಣ್ಣೆದುರು, ಮೂರು ಮುಚ್ಚಿ. ದೀಪಕ್‌ಗೆ ಹಾಸ್ಟೆಲ್ಲಿನಲ್ಲಿ ಕಲಿತ ಒಮಾಹಾ. ಪೂರ್ಣೇಶನಿಗೆ ಟೆಕ್ಸಾಸ್ ಹೋಲ್ಡೆಮ್. ಕೈಯಲ್ಲಿ ಎರಡೇ ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು. ಅದರಲ್ಲಿ ಲೆಕ್ಕಕ್ಕೆ ಜಾಗವಿದೆ ಎಂಬುದು ಅವನ ವಾದ.

ಪಣ ದುಡ್ಡಲ್ಲ. ಶುರುವಿನಲ್ಲಿ ಎಲ್ಲರಿಗೂ ಐವತ್ತು ಪ್ಲಾಸ್ಟಿಕ್ ಬಿಲ್ಲೆ. ಒಂದು ಗಂಟೆಗೆ ಯಾರ ಬಳಿ ಎಲ್ಲರಿಗಿಂತ ಕಡಿಮೆಯೋ ಅವರು ಮುಂದಿನ ವಾರ ತಿಂಡಿ ತರಬೇಕು. ಅಷ್ಟೇ.

ಪೂರ್ಣೇಶ್ ಹದಿನೇಳು ವಾರದಿಂದ ತಿಂಡಿ ತಂದಿರಲಿಲ್ಲ. ಹದಿನೇಳು ವಾರವೂ ಅವನೇ ಮೊದಲಿಗ.

ಎಲೆ ಕಲಸುತ್ತಿದ್ದ ಕೈ ತಾನಾಗಿ ನಿಧಾನವಾಯಿತು. ನಾಲ್ವರಲ್ಲಿ ಒಬ್ಬನೇ ಹದಿನೇಳು ಸಲ ಸತತವಾಗಿ ಗೆಲ್ಲುವ ಸಂಭಾವ್ಯತೆ: ನಾಲ್ಕರ ಹದಿನೇಳನೆಯ ಘಾತಕ್ಕೆ ಒಂದು. ಸುಮಾರು ಸಾವಿರದ ಏಳುನೂರ ಹದಿನೆಂಟು ಕೋಟಿಗೆ ಒಂದು. ಎರಡನೇ ಪಿಯುಸಿಯ ಮಕ್ಕಳಿಗೆ ಪ್ರತಿವರ್ಷ ಅವನೇ ಬೋರ್ಡಿನ ಮೇಲೆ ಬರೆದು ಕಲಿಸುವ ಲೆಕ್ಕ. ಕೊನೆಯ ಬೆಂಚಿನ ಹುಡುಗಿಯೂ ಇದನ್ನು ಮಾಡಿಬಿಡುತ್ತಿದ್ದಳು. ಅವನು ಮಾತ್ರ ಇಷ್ಟು ದಿನ ಮಾಡಿರಲಿಲ್ಲ. ಮಾಡುವ ಅಗತ್ಯ ಕಾಣಿಸಿರಲಿಲ್ಲ. ತಾನು ಚೆನ್ನಾಗಿ ಆಡುತ್ತೇನೆಂದುಕೊಂಡಿದ್ದ. ಬಸ್ಸಿನಲ್ಲಿ ಹಿಂತಿರುಗುವಾಗ ಕಿಟಕಿಯ ಪಕ್ಕ ಕೂತು ಆ ದಿನದ ಆಟಗಳನ್ನು ಒಂದೊಂದಾಗಿ ನೆನೆದು ಹಿಗ್ಗಿದ್ದೂ ಇತ್ತು.

ಈಗ ಆ ಹಿಗ್ಗು ನೆನಪಾಗಿ ಕಿವಿ ಬಿಸಿಯಾಯಿತು.

ಮೂವರೂ ಯಾಕೆ ಬೇಕೆಂದೇ ಸೋಲುತ್ತಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಆಷಾಢದಲ್ಲಿ ಒಂದು ದಿನ ಅವನು ಕಾಲೇಜು ಮುಗಿಸಿ ಮನೆಗೆ ಹೋಗದೆ ಆಗುಂಬೆಯ ಬಸ್ಸು ಹತ್ತಿದ್ದ. ಸೂರ್ಯಾಸ್ತ ನೋಡುವ ಜಾಗದಲ್ಲಿ, ಕಟ್ಟೆಯ ಆಚೆ ಬದಿಗೆ ಕಾಲು ಬಿಟ್ಟುಕೊಂಡು, ಮೂರು ಗಂಟೆ ಹೊತ್ತು ಮಳೆಯಲ್ಲಿ ಕೂತಿದ್ದ. ಎದುರಿಗೆ ಕಣಿವೆ ಇರಲಿಲ್ಲ, ಸಮುದ್ರ ಇರಲಿಲ್ಲ, ಸೂರ್ಯನಂತೂ ಇರಲೇ ಇಲ್ಲ, ಬರೀ ಬಿಳಿ. ಫೋನು ಆಫ್ ಆಗಿತ್ತು. ಅಲ್ಲಿ ಅಂಗಡಿ ಇಟ್ಟವರೊಬ್ಬರು ಜೀಪಿನಲ್ಲಿ ಕೂರಿಸಿಕೊಂಡು ಮನೆಗೆ ತಂದು ಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ತನುಜಾ ಒಂದೇ ಮಾತು ಕೇಳಿದ್ದು: "ಕಾಫಿ ಕುಡೀತೀರಾ?"

ಆಮೇಲೆ ಯಾರೂ ಏನನ್ನೂ ಕೇಳಲಿಲ್ಲ. ಬಚ್ಚಲಿನ ಚಿಲಕ ಕಿತ್ತುಹೋಯಿತು, ರಿಪೇರಿಯಾಗಲಿಲ್ಲ. ಕಾರಿನ ಬ್ಯಾಟರಿ ಹಾಳಾಯಿತು, ಹೊಸದು ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವನು ಒಳಗೆ ಬಂದರೆ ಮಾತು ಕ್ರಿಕೆಟ್ಟಿಗೆ ತಿರುಗುತ್ತಿತ್ತು. ಮಳೆ ಮುಗಿದ ಮೇಲೆ ದೀಪಕ್ ಫೋನ್ ಮಾಡಿ, "ಭಾನುವಾರ ಬರ್ಲೇಬೇಕು ಸಾರ್, ನೀವಿಲ್ದೆ ಆಟಕ್ಕೆ ಕಳೆಯಿಲ್ಲ" ಎಂದಿದ್ದ.

ಶೇಷಪ್ಪ ಕೈ ಒರೆಸಿಕೊಳ್ಳುತ್ತ ಬಂದು ಕೂತರು. ಪೂರ್ಣೇಶ್ ಅವರ ಮುಖ ನೋಡಿದ. ಮೂವರು ರಾಣಿಯರನ್ನು ಎಸೆದು ಬಂದ ಯಾವ ಗುರುತೂ ಅಲ್ಲಿರಲಿಲ್ಲ.

ಇವತ್ತು ಸೋಲಬೇಕು, ಎಂದುಕೊಂಡ. ಬಹಳ ದಿನಗಳ ನಂತರ ಅವನಿಗೆ ಏನನ್ನಾದರೂ ಮಾಡಬೇಕೆಂದು ಅನಿಸಿದ್ದು ಇದೇ ಮೊದಲು. ಸೋತು, ಮುಂದಿನ ವಾರ ಒಗ್ಗರಣೆ ಅವಲಕ್ಕಿಯ ಡಬ್ಬಿ ಹಿಡಿದುಕೊಂಡು ಬರಬೇಕು.

"ಹೋಲ್ಡೆಮ್," ಎಂದು ಎಲೆ ಹಂಚಿದ.

ಅವನಿಗೆ ಬಂದದ್ದು ಒಂದು ಎರಡು, ಒಂದು ಏಳು. ಬಣ್ಣವೂ ಬೇರೆ ಬೇರೆ. ಆ ಆಟದಲ್ಲಿ ಅದಕ್ಕಿಂತ ಕೆಟ್ಟ ಆರಂಭವೇ ಇಲ್ಲ. ಮನಸ್ಸು ಹಗುರಾಯಿತು. ಮೇಜಿನ ನಡುವೆ ಒಂದು ಎಲೆಯೂ ಬೀಳುವ ಮೊದಲೇ ತನ್ನ ಮುಂದಿದ್ದ ತೊಂಬತ್ತು ಚಿಲ್ಲರೆ ಬಿಲ್ಲೆಗಳನ್ನು ಎರಡೂ ಕೈಯಿಂದ ತಳ್ಳಿದ.

"ಎಲ್ಲಾ."

"ಅಬ್ಬ!" ಎಂದರು ಸತ್ಯಭಾಮಾ. ಎಲೆಯನ್ನು ಸರಿಯಾಗಿ ನೋಡದೆ ಇಟ್ಟರು. "ನಂಗೆ ಬೇಡಪ್ಪ. ಪ್ಯಾಕ್."

"ಪ್ಯಾಕ್," ಎಂದರು ಶೇಷಪ್ಪ.

"ಸಾರ್ ಹತ್ರ ಎಕ್ಕದ ಜೋಡಿ ಇರ್ಬೇಕು. ಪ್ಯಾಕ್."

ಪೂರ್ಣೇಶ್ ತನ್ನ ಎಲೆಗಳನ್ನು ಬಿಚ್ಚಿ ತೋರಿಸಿದ. ಎರಡು. ಏಳು.

ಮೂವರೂ ಬಗ್ಗಿ ಆ ಎಲೆಗಳನ್ನು ನೋಡಿದರು. ಆಮೇಲೆ ಶೇಷಪ್ಪ ತೊಡೆ ತಟ್ಟಿ ನಕ್ಕರು. "ಎಂಥ ಬ್ಲಫ್ ಮಾರಾಯ! ಇದಕ್ಕೆ ಗುಂಡಿಗೆ ಬೇಕು, ಗುಂಡಿಗೆ."

"ಬ್ಲಫ್ ಅಲ್ಲ ಶೇಷಪ್ಪಣ್ಣ."

"ಮತ್ತೆಂತದು?"

"ಸೋಲೋಣ ಅಂತ ಹಾಕಿದ್ದು."

"ಕೇಳ್ರಪ್ಪ ಇವನ ಮಾತು!" ಎಂದು ಇನ್ನೂ ಜೋರಾಗಿ ನಕ್ಕರು. ನಗುವಾಗ ಅವರ ಕಣ್ಣು ದೀಪಕನನ್ನು ಹುಡುಕಿತು.

ಮುಂದಿನ ಸರದಿ ಸತ್ಯಭಾಮಾ ಅವರದ್ದು. ಏಳೆಲೆ. ಪೂರ್ಣೇಶ್ ಮೊದಲೇ ಹೇಳಿದ: "ಸತ್ಯಕ್ಕ, ಈ ಸಲ ಯಾರೂ ಪ್ಯಾಕ್ ಮಾಡೋ ಹಾಗಿಲ್ಲ. ಏಳನೇ ಎಲೆ ತನಕ ಎಲ್ರೂ ಇರ್ಬೇಕು. ಕೊನೆಗೆ ಎಲ್ರೂ ತೋರಿಸ್ಬೇಕು."

"ಅದೆಂಥ ರೂಲ್ಸು?"

"ಇವತ್ತಿಗೆ ಮಾತ್ರ."

ಅವರು ಒಪ್ಪಿದರು. ಬಿಚ್ಚಿದ ಎಲೆಗಳನ್ನು ಯಾರೂ ಅಡಗಿಸಲಾರರು; ಪೂರ್ಣೇಶ್ ನೆಮ್ಮದಿಯಿಂದ ನೋಡುತ್ತಿದ್ದ. ಸತ್ಯಭಾಮಾ ಅವರ ಮುಂದೆ ಒಂದು ರಾಜ ಬಿತ್ತು, ಹತ್ತು ಬಿತ್ತು, ಇನ್ನೊಂದು ರಾಜ ಬಿತ್ತು. ಅವನ ಮುಂದೆ ಮೂರು, ಐದು, ಗುಲಾಮ, ಎಂಟು. ಮುಚ್ಚಿದ್ದರಲ್ಲೂ ಏನಿರಲಿಲ್ಲ. ಏಳನೇ ಎಲೆ ಬರುವ ಹೊತ್ತಿಗೆ ಬಿಲ್ಲೆಗಳೆಲ್ಲ ಮತ್ತೆ ನಡುವೆ ಇದ್ದವು. ತಪ್ಪಿಸಿಕೊಳ್ಳಲು ಈಗ ಯಾರಿಗೂ ದಾರಿಯಿಲ್ಲ.

ಆಗ ಸತ್ಯಭಾಮಾ ಅವರ ಹೆಬ್ಬೆರಳು ಕಟ್ಟಿನ ಮೇಲಿನ ಒಂದು ಎಲೆಯನ್ನು ತಳ್ಳಿದ್ದು ಕಂಡಿತು. ಎಲೆ ಸದ್ದಿಲ್ಲದೆ ಅವರ ಮುಚ್ಚಿದ ಎಲೆಗಳ ಅಡಿಗೆ ಸೇರಿತು. ಮೂವತ್ತು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಚೀಟಿ ಹಿಡಿದ ಕೈ.

"ಅಯ್ಯೋ," ಎಂದರು. "ನಂಗೆ ಎಂಟು ಎಲೆ ಬಂದಿದೆ ನೋಡಿ. ಹಂಚಿದ್ದೇ ತಪ್ಪಾಗಿದೆ. ಈ ಆಟ ಲೆಕ್ಕಕ್ಕಿಲ್ಲ, ಅವರವರ ಬಿಲ್ಲೆ ಅವರವರು ತಗಳ್ಳಿ."

"ಎಂಟು ಬರ್ಲಿಲ್ಲ. ನೀವು ಸೇರಿಸಿದ್ರಿ."

"ನಾನ್ಯಾಕೆ ಸೇರಿಸ್ಲಿ?"

"ಅದನ್ನೇ ಕೇಳ್ತಿದ್ದೀನಿ."

"ವಯಸ್ಸಾಯ್ತಲ್ಲ ಪೂರ್ಣೇಶ್. ಕೈ ನಿಲ್ಲಲ್ಲ." ಅವರು ತಮ್ಮ ಕೈಯನ್ನು ಮೇಲೆತ್ತಿ ತೋರಿಸಿದರು. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.

ದೀಪಕನ ಫೋನು ಬಡಿದುಕೊಂಡಿತು. ಹೆಸರು ನೋಡಿ, ಎದ್ದು, ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

"ಹ್ಞಾಂ ಮೇಡಂ... ಇದ್ದಾರೆ, ಇಲ್ಲೇ ಇದ್ದಾರೆ... ಇಲ್ಲ ಇಲ್ಲ, ಚೆನ್ನಾಗೇ ಇದ್ದಾರೆ... ಗೆಲ್ತಿದ್ದಾರೆ ಮೇಡಂ. ಹ್ಞಾಂ. ಬಸ್ಸಿಗೆ ನಾನೇ ಕೂರಿಸ್ತೀನಿ."

ಒಳಗೆ ಶೇಷಪ್ಪ ಗಂಟಲು ಸರಿಮಾಡಿಕೊಂಡರು. ಸತ್ಯಭಾಮಾ ಬಿಲ್ಲೆಗಳನ್ನು ಬಣ್ಣವಾರು ಜೋಡಿಸತೊಡಗಿದರು. ಅವು ಆಗಲೇ ಬಣ್ಣವಾರು ಜೋಡಿಸಿಕೊಂಡೇ ಇದ್ದವು.

ದೀಪಕ್ ಬಂದು ಕೂತ. "ಪೇಷಂಟು," ಎಂದ.

ಪೂರ್ಣೇಶನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಿತ್ತು. ತಾನು ಈ ಮೇಜಿನಲ್ಲಿ ಆಡುತ್ತಿಲ್ಲ, ತನ್ನನ್ನು ಈ ಮೇಜಿನಲ್ಲಿ ಇಟ್ಟಿದ್ದಾರೆ ಎಂದು ಮಾತ್ರ ಅನಿಸಿತು. ಗಾಜಿನ ಲೋಟವನ್ನು ಅಂಚಿನಿಂದ ಒಳಗೆ ಸರಿಸಿ ಇಡುವ ಹಾಗೆ. ಮೂವರೂ ಒಳ್ಳೆಯವರು. ಅದರ ಬಗ್ಗೆ ಅವನಿಗೆ ಸಂಶಯವಿರಲಿಲ್ಲ. ಒಳ್ಳೆಯತನಕ್ಕೆ ಎದುರಾಗಿ ಯಾವ ಆಟ ಆಡಬೇಕೋ ಅದೇ ತಿಳಿಯದು.

ಆಗ ನೆನಪಾಯಿತು.

"ದೀಪಕ್, ನಿಮ್ಮ ಹಾಸ್ಟೆಲ್ನಲ್ಲಿ ಇನ್ನೊಂದು ಆಟ ಇತ್ತು ಅಂದಿದ್ಯಲ್ಲ. ಒಂದೇ ಎಲೆ. ಹಣೆ ಮೇಲೆ ಇಟ್ಕೊಳ್ಳೋದು."

"ಅದು ಪೋಕರ್ರೇ ಅಲ್ಲ ಸಾರ್. ಕುಡಿದಾಗ ಆಡ್ತಿದ್ದದ್ದು."

"ಅದೇ ಆಡಣ. ಸರದಿ ನಂದಲ್ಲ, ಆದ್ರೂ ನಂಗೋಸ್ಕರ."

'ನಂಗೋಸ್ಕರ' ಎಂಬ ಮಾತು ಅವರ ಮೇಲೆ ಕೆಲಸ ಮಾಡುತ್ತದೆಂದು ಅವನಿಗೆ ಗೊತ್ತಿತ್ತು. ಮಾಡಿತು.

ನಿಯಮ ಸರಳ. ಒಬ್ಬೊಬ್ಬರಿಗೆ ಒಂದೇ ಎಲೆ. ತನ್ನದನ್ನು ತಾನು ನೋಡುವಂತಿಲ್ಲ; ಮುಖ ಹೊರಗೆ ಮಾಡಿ ಹಣೆಗೆ ಇಟ್ಟುಕೊಳ್ಳಬೇಕು. ಉಳಿದವರ ಎಲೆ ಕಾಣುತ್ತದೆ, ತನ್ನದೊಂದು ಕಾಣುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಎಲೆಗೆ ಗೆಲುವು. ಬೇರೆಯವರ ಮುಖ ಓದಿ ತನ್ನ ಎಲೆ ಯಾವುದೆಂದು ಊಹಿಸಬೇಕು.

"ಹಣೆಬರಹದ ಆಟ ಅನ್ನಿ," ಎಂದರು ಸತ್ಯಭಾಮಾ. ಅಂದ ಮೇಲೆ ತುಟಿ ಕಚ್ಚಿಕೊಂಡರು.

ಕೈ ನೋಯುತ್ತದೆಂದು ದೀಪಕ್ ಕ್ಲಿನಿಕ್ಕಿನಿಂದ ನಾಲ್ಕು ನೀಲಿ ಟೋಪಿ ತಂದ. ಹಲ್ಲು ಕೀಳುವಾಗ ಹಾಕಿಕೊಳ್ಳುವ, ಕಾಗದದಷ್ಟು ತೆಳುವಾದ ಇಲಾಸ್ಟಿಕ್ ಟೋಪಿ. ಹಾಕಿಕೊಂಡು, ಕಣ್ಣು ಮುಚ್ಚಿ, ಎಲೆಯನ್ನು ಇಲಾಸ್ಟಿಕ್ಕಿಗೆ ಸಿಕ್ಕಿಸಿಕೊಂಡರು.

ಪೂರ್ಣೇಶ್ ಕಣ್ಣು ಬಿಟ್ಟ. ಶೇಷಪ್ಪನವರ ಹಣೆಯ ಮೇಲೆ ಕಳಾವರ್ ರಾಜ. ಸತ್ಯಭಾಮಾ ಅವರ ಹಣೆಯಲ್ಲಿ ಆಟಿನ್ ಒಂಬತ್ತು. ದೀಪಕನ ಹಣೆಯಲ್ಲಿ ಇಸ್ಪೀಟ್ ಎಕ್ಕ.

ಮೂವರೂ ಅವನ ಹಣೆಯನ್ನು ನೋಡುತ್ತಿದ್ದರು. ಏಳು ತಿಂಗಳಲ್ಲಿ ಅವರು ಅವನನ್ನು ಇಷ್ಟು ನೇರವಾಗಿ ನೋಡಿದ್ದು ಇದೇ ಮೊದಲು.

ಇಲ್ಲಿ ಮೋಸಕ್ಕೆ ಜಾಗವಿಲ್ಲ, ಎಂದುಕೊಂಡ. ತಮ್ಮ ಕೈಯಲ್ಲಿ ಏನಿದೆಯೆಂದು ತಿಳಿಯದವರು ಏನನ್ನು ತಾನೇ ಬಿಟ್ಟುಕೊಟ್ಟಾರು? ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ.

"ಪ್ಯಾಕ್," ಎಂದರು ಶೇಷಪ್ಪ.

"ಪ್ಯಾಕ್."

"ಪ್ಯಾಕ್ ಸಾರ್."

"ನಿಮ್ಮ ಎಲೆ ನಿಮಗೆ ಗೊತ್ತಿಲ್ಲ. ಆದ್ರೂ ಪ್ಯಾಕಾ?"

"ನಿಮ್ಮದು ಬಹಳ ದೊಡ್ಡದು ಸಾರ್," ಎಂದ ದೀಪಕ್. "ಅದರೆದುರು ನಾವೆಂಥದು?"

"ಹೌದಾ ಸತ್ಯಕ್ಕ? ಎಲ್ರಿಗಿಂತ ದೊಡ್ಡದಾ?"

ಸತ್ಯಭಾಮಾ ದೀಪಕನ ಹಣೆ ನೋಡಿದರು, ಪೂರ್ಣೇಶನ ಹಣೆ ನೋಡಿದರು. "ಹೌದು," ಎಂದರು.

ದೀಪಕನ ಹಣೆಯ ಮೇಲೆ ಎಕ್ಕವಿತ್ತು. ಎಕ್ಕಕ್ಕಿಂತ ದೊಡ್ಡ ಎಲೆ ಇಡೀ ಕಟ್ಟಿನಲ್ಲೇ ಇಲ್ಲ.

ಪೂರ್ಣೇಶ್ ತನ್ನ ಎಲೆಗೆ ಕೈ ಹಾಕಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟ.

"ಆಷಾಢದಲ್ಲಿ ನಾನು ಆಗುಂಬೆಗೆ ಹೋಗಿದ್ದೆ," ಎಂದ. "ಯಾಕೆ ಹೋದೆ ಅಂತ ಯಾರಾದ್ರೂ ಒಬ್ರು ಕೇಳಿ."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹಾಕುತ್ತ ಹೋಯಿತು.

"ಒಂದೇ ಸಲ ಕೇಳಿ. ನೀವು ಕೇಳಿ ಶೇಷಪ್ಪಣ್ಣ."

ಶೇಷಪ್ಪನವರ ಬಾಯಿ ತೆರೆಯಿತು. ರಾಜನ ಎಲೆ ಅವರ ಸುಕ್ಕುಗಳ ಮೇಲೆ ಒಂದಿಷ್ಟು ಅಲುಗಿತು. "ಅದೆಲ್ಲ ಈಗ್ಯಾಕೆ ಮಾರಾಯ? ಆಗಿದ್ದು ಆಯ್ತು. ಹೊಟ್ಟೆ ಹಸೀತಿಲ್ವಾ ನಿಂಗೆ?"

"ಎಂತ ಆಗಿದ್ದು?"

"ಎಂತದೂ ಆಗಿಲ್ಲ. ಅದನ್ನೇ ಹೇಳಿದ್ದು."

ಕೇಳಿದ್ದರೆ ಏನು ಹೇಳುತ್ತಿದ್ದನೋ ಅವನಿಗೂ ತಿಳಿಯದು. ಆ ದಿನ ಬೆಳಿಗ್ಗೆ ಹಾಜರಿ ಕರೆದಿದ್ದ. ಅರವತ್ತೆರಡು ಹೆಸರು, ಅರವತ್ತೆರಡು 'ಎಸ್ ಸರ್'. ಮುಗಿದ ಮೇಲೆ ಎಲ್ಲರೂ ಇದ್ದಾರೆ, ಕರೆಯುವವನೊಬ್ಬ ಇಲ್ಲ ಎನ್ನಿಸಿತ್ತು. ಸಂಜೆ ಬಸ್ಸು ಹತ್ತಿದ. ಕಟ್ಟೆ ದಾಟಿ ಕೂತ. ನೋಡಲು ಏನೂ ಇಲ್ಲದ್ದು ಹಿತವಾಗಿತ್ತು. ಆಮೇಲೆ ಏನು ಮಾಡಬೇಕೆಂದಿದ್ದ? ಯಾರಾದರೂ ಕೇಳಿದ್ದರೆ ಉತ್ತರ ಹುಡುಕುತ್ತಿದ್ದ. ಉತ್ತರ 'ಹೌದು' ಆಗಿರಬಹುದಿತ್ತು, 'ಅಲ್ಲ' ಆಗಿರಬಹುದಿತ್ತು. ಅವರು ಅದನ್ನು ತಾವೇ ಓದಿಕೊಂಡು ಮಡಿಸಿಟ್ಟಿದ್ದರು.

ಕುರ್ಚಿ ಹಿಂದೆ ಸರಿಸಿ ಎದ್ದ. "ತಿಂಡಿ ನಾನು ತರ್ತೀನಿ."

"ಮುಂದಿನ ವಾರ ಸೋತೋರು..." ಎಂದರು ಸತ್ಯಭಾಮಾ.

"ಮುಂದಿನ ವಾರ ಅಲ್ಲ. ಈಗಲೇ. ಇವತ್ತು ಸೋತಿದ್ದು ನಾನು."

"ನಾನು ಹೋಗ್ತೀನಿ ಸಾರ್, ನೀವು ಕೂತ್ಕಳಿ," ಎಂದು ದೀಪಕ್ ಅರ್ಧ ಎದ್ದ.

"ಕೂತ್ಕೊಳೋ!"

ಇಪ್ಪತ್ತು ವರ್ಷದ ಹಿಂದಿನ ತರಗತಿಯ ದನಿ. ದೀಪಕ್ ಕೂತುಬಿಟ್ಟ. ಪೂರ್ಣೇಶ್ ಬಾಗಿಲೆಳೆದುಕೊಂಡು ಮೆಟ್ಟಿಲಿಳಿದ. ಯಾರೂ ತನ್ನ ತೋಳು ಹಿಡಿಯದೆ ಮೆಟ್ಟಿಲಿಳಿಯುವುದು ಇಷ್ಟು ಸುಲಭವೆಂದು ಮರೆತೇ ಹೋಗಿತ್ತು.

ಫೆಬ್ರವರಿಯ ಬಿಸಿಲು ರಸ್ತೆಯ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಸರ್ಕಲ್ ದಾಟಿ ಬೇಕರಿಗೆ ಹೋದ. ಎದುರು ಬಂದ ಇಬ್ಬರು ಅವನ ಮುಖ ನೋಡಿ ಬೇರೆ ಕಡೆ ತಿರುಗಿದರು. ಅದು ಅವನಿಗೆ ಅಭ್ಯಾಸವಾಗಿತ್ತು. ಬೇಕರಿಯ ಹೆಂಗಸು ಮಾತ್ರ ಕಣ್ಣು ಕೀಳದೆ ನೋಡಿದಾಗ, ಟೋಪಿಯೂ ಎಲೆಯೂ ಹಣೆಯ ಮೇಲೇ ಇವೆಯೆಂಬುದು ನೆನಪಾಯಿತು.

ತೆಗೆಯಲು ಕೈ ಎತ್ತಿದವನು ಹಾಗೇ ಇಳಿಸಿದ. ಇವಳು ಅಪರಿಚಿತಳು. ಇವಳಿಗೆ ತನ್ನ ಹೆಸರೂ ಗೊತ್ತಿಲ್ಲ, ಆಗುಂಬೆಯೂ ಗೊತ್ತಿಲ್ಲ.

"ನಾಲ್ಕು ಖಾರಾ ಬನ್, ನಾಲ್ಕು ಪಪ್ಸು," ಎಂದ. "ಒಂದು ಮಾತು ಕೇಳ್ಲಾ? ನನ್ನ ಹಣೆ ಮೇಲೆ ಎಂತ ಇದೆ?"

ಅವಳು ಒಮ್ಮೆ ಅವನ ಹಣೆ ನೋಡಿದಳು, ಒಮ್ಮೆ ಕಣ್ಣು ನೋಡಿದಳು. ಪೊಟ್ಟಣ ಕಟ್ಟುವ ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಳು.

"ಎಂತ ಇಲ್ಲ ಸಾರ್," ಎಂದಳು ಮೆಲ್ಲಗೆ. "ಎಲ್ಲ ಸರಿ ಇದೆ."

ದುಡ್ಡು ಕೊಟ್ಟು ಪೊಟ್ಟಣ ತೆಗೆದುಕೊಂಡ. ಗಾಜಿನ ಕಪಾಟಿನಲ್ಲಿ ತನ್ನ ಮುಖ ಮಸುಕಾಗಿ ಕಾಣುತ್ತಿತ್ತು, ನೋಡಲಿಲ್ಲ. ಬಿಸಿ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದ.

ಸರ್ಕಲ್ಲಿನ ನಡುವೆ ಮೂವರೂ ನಿಂತಿದ್ದರು. ಚಪ್ಪಲಿ ಹಾಕಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ಓಡಿ ಬಂದಿದ್ದರು. ದೀಪಕ್ ಸಾಗರದ ರಸ್ತೆಯ ಉದ್ದಕ್ಕೂ ಕಣ್ಣು ಹಾಯಿಸುತ್ತಿದ್ದ. ಶೇಷಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಹೊಸನಗರದ ಕಡೆಗೆ ನೋಡುತ್ತಿದ್ದರು. ಸತ್ಯಭಾಮಾ ತೀರ್ಥಹಳ್ಳಿಯ ರಸ್ತೆಗೆ ಮುಖ ಮಾಡಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಪೂರ್ಣೇಶ್!" ಎಂದು ಒಮ್ಮೆ ಕೂಗಿದರು.

ಮೂವರ ತಲೆಯ ಮೇಲೂ ನೀಲಿ ಟೋಪಿ. ಮೂವರ ಹಣೆಯ ಮೇಲೂ ಎಲೆ. ಸುತ್ತಲಿನ ಅಂಗಡಿಗಳವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು, ಯಾರೂ ನಗುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ.

ಇಪ್ಪತ್ತು ಹೆಜ್ಜೆಯ ಆಚೆ, ಅವರ ಬೆನ್ನ ಹಿಂದೆ, ಪೂರ್ಣೇಶ್ ಕರೆಯಬೇಕೆಂದು ಬಾಯಿ ತೆರೆದ. ಶಿವಮೊಗ್ಗದ ಬಸ್ಸೊಂದು ಬಂದು ಅವನಿಗೂ ಅವರಿಗೂ ನಡುವೆ ನಿಂತಿತು. ಅದರ ಕಿಟಕಿಗಳಲ್ಲಿ ಸಾಲಾಗಿ ಕೂತಿದ್ದ ಮುಖಗಳು, ಒಂದಾದ ಮೇಲೊಂದು, ಅವನ ಹಣೆಯತ್ತ ತಿರುಗಿದವು.